ಗೇಣಿಗಿಂತ ಸಣ್ಣ ತುಂಡು

ನಿನ್ನೆ ಸಂಜೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಹಾಲು ಹಾಕುವವಳು ಬಂದಳು, ಅವಳನ್ನು ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ಎದುರಿನ ಟೇಲರ್ ಅಂಗಡಿಯವನಿಗೆ ಎರಡು ಸಲ ಹೇಳಿದ್ದೇನೆ, ಮೂರನೆಯ ಸಲ ಹೋದಾಗ ಅವನು ಮಷಿನ್ನಿನ ಸದ್ದು ಜೋರು ಮಾಡಿದ. ಹುನಗುಂದದ ನಮ್ಮ ಓಣಿಯ ವಾಚನಾಲಯದ ದೊಡ್ಡ ಗೋಡೆಯ ಮೇಲೆ ನನ್ನ ಮೊಮ್ಮಗಳು ರೇಷ್ಮಾ ಮಾಡಿದ ಚಿತ್ರ ನಿಂತಿದೆ. ಬರೀ ಬಣ್ಣದ ಚಿತ್ರವಲ್ಲ ಅದು. ಬಟ್ಟೆ, ಕಾಗದ, ಗುಂಡಿ, ತಂತಿ, ಬಳೆಚೂರು ಎಲ್ಲವನ್ನೂ ಅಂಟಿಸಿ, ಹೊಲಿದು, ನಡುನಡುವೆ ಬಣ್ಣ ಬಳಿದು ಮಾಡಿದ್ದು. ಕೊಲಾಜ್ ಎಂದು ಅದರ ಹೆಸರು. ನೋಡಿದವರೆಲ್ಲ "ಗೋಡಿಗೆ ಕೌದಿ ಹೊಚ್ಚ್ಯಾಳ ನೋಡ್ರಿ" ಎನ್ನುತ್ತಾರೆ. ಕೌದಿ ಅಲ್ಲ ಮಾರಾಯರೇ, ಅದು ಹುಟ್ಟಿದ್ದು ಗಾದಿಯೊಳಗಿಂದ. ಅದು ಹೇಗೆ ಎಂದು ಹೇಳಬೇಕಾದರೆ ನಾನು ನಮ್ಮಪ್ಪನ ಮನೆಯ ಬಾಗಿಲು ತೆಗೆಯಬೇಕು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಬರೆದಂತೆ ಓದಿಕೊಳ್ಳಿ.

ನಮ್ಮದು ಪಿಂಜಾರರ ಮನೆ. ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡಿಕೊಡುವುದು ಅಪ್ಪನ ಕಸುಬು. ಮಣ್ಣಿನ ಮಾಳಿಗೆಯ ಮನೆ, ಎರಡೇ ಖೋಲಿ. ಒಳಗಿನದು ಅವ್ವನದು, ಒಲೆ, ಕೊಡ, ಜೋಳದ ಚೀಲ, ನಾವು ನಾಲ್ಕು ಮಕ್ಕಳು. ಹೊರಗಿನ ಪಡಸಾಲೆ ಪೂರ್ತಿ ಹತ್ತಿಯದು. ಅಲ್ಲಿ ಜಂತೆಯಿಂದ ಹಗ್ಗ ಇಳಿಬಿಟ್ಟು ಹತ್ತಿ ಹಿಂಜುವ ಆಳೆತ್ತರದ ಕಮಾನು, ದೊಡ್ಡ ಬಿಲ್ಲಿನಂಥದ್ದು, ಕಟ್ಟಿದ್ದ ಅಪ್ಪ. ಅದರ ಬಿಗಿದ ನರಕ್ಕೆ ಕಟ್ಟಿಗೆಯ ಕೊಡತಿಯಿಂದ ಹೊಡೆದರೆ ಟಂಯ್ ಎಂದು ಸದ್ದಾಗಿ, ಗಂಟುಗಟ್ಟಿದ ಹಳೇ ಹತ್ತಿ ಒದರಿಕೊಂಡು ಎದ್ದು ಹಾರುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಒಂದು ಕೋಲಿನ ಹಾಗೆ ಇಳಿಯುತ್ತಿತ್ತು, ಆ ಕೋಲಿನ ತುಂಬ ಅರಳೆಯ ಎಳೆಗಳು ಮೀನಿನ ಹಾಗೆ ಈಜಾಡುತ್ತಿದ್ದವು. ನಾನು ಅಂಗಾತ ಮಲಗಿ ಅದನ್ನೇ ನೋಡುತ್ತಿದ್ದೆ. ಅಪ್ಪನ ಹುಬ್ಬು, ಮೀಸೆ, ಕಿವಿಯ ಕೂದಲು ಹಗಲೆಲ್ಲ ಬೆಳ್ಳಗೆ. ದಿನಾ ಮಧ್ಯಾಹ್ನ ನಮ್ಮಪ್ಪ ಮುದುಕ, ಸಂಜೆ ಜಳಕ ಮಾಡಿ ಬಂದರೆ ಹರೆಯದವನು. ಗುರುವಾರ ಸಂಜೆ ಮಾತ್ರ ಕಮಾನಿಗೆ ಲೋಬಾನದ ಹೊಗೆ ತೋರಿಸಿ, ನರಕ್ಕೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಕಮಾನನ್ನು ದಾಟಿ ಹೋದರೆ ಬೆನ್ನಿಗೆ ಏಟು ಖಾತ್ರಿ.

ಅರಳೆಯಿಲ್ಲದ ಊಟ ನಮಗೆ ಗೊತ್ತೇ ಇರಲಿಲ್ಲ. ರೊಟ್ಟಿ ಮುರಿದರೆ ಅದರೊಳಗೊಂದು ಎಳೆ, ಪುಂಡಿಪಲ್ಯದ ಮೇಲೊಂದು ಎಳೆ. ದಿನಾ ಉಣ್ಣುವ ಹೊತ್ತಿಗೆ ಅವ್ವ ಶುರು ಮಾಡುವಳು, ಅಪ್ಪನ ಜೊತೆ ಅದೇ ಜಗಳ.

"ಏನ್ರಿ, ನಿಮ್ಮ ಹತ್ತಿ ಇವತ್ತ ಸಾರಿನ್ಯಾಗ ಈಜಾಕತ್ತೈತಿ."

"ಉಣ್ಣು ಉಣ್ಣು. ಹೊಟ್ಟ್ಯಾಗ ಒಂದು ಗಾದಿ ಆಕ್ಕೈತಿ, ರೊಟ್ಟಿ ಮೆತ್ತಗ ಮಲಕ್ಕೊಂತೈತಿ."

"ಹೂಂ, ಊರವರಿಗೆಲ್ಲ ಗಾದಿ ಮಾಡಿ ಕೊಡ್ರಿ. ನಾವು ಚಾಪಿ ಮ್ಯಾಲ ಉಳ್ಳಾಡತೀವಿ."

ಅದು ಖರೆ. ಗಾದಿ ಮಾಡುವವರ ಮನೆಯಲ್ಲಿ ಗಾದಿ ಇರಲಿಲ್ಲ. ಅವ್ವ ಬೈಯುತ್ತಲೇ ಅಪ್ಪನ ತಾಟಿನಿಂದ ಎಳೆ ಆರಿಸಿ ತೆಗೆಯುತ್ತಿದ್ದಳು, ತನ್ನ ತಾಟಿನದು ಹಾಗೇ ತಿನ್ನುತ್ತಿದ್ದಳು.

ಮೂರು ನಾಲ್ಕು ವರ್ಷಕ್ಕೊಮ್ಮೆ ಜನ ಹಳೇ ಗಾದಿ ತಂದು ಹಾಕುತ್ತಿದ್ದರು, ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯಲು. ಬಿಚ್ಚುವ ಮೊದಲು ಅಪ್ಪ ನೆಲದ ಮೇಲೆ ಬಿಳಿಯ ಧೋತರ ಹಾಸುತ್ತಿದ್ದ. ಹೊಲಿಗೆ ಕತ್ತರಿಸಿ ಹತ್ತಿ ಸುರಿದಾಗ ಅದರ ಜೊತೆ ಆ ಮನೆಯೂ ಉದುರುತ್ತಿತ್ತು. ತಲೆಪಿನ್ನು, ಗುಂಡಿ, ಮುರಿದ ಬಳೆ, ಮಾತ್ರೆ, ತಾಯಿತ, ಒಮ್ಮೊಮ್ಮೆ ಮಡಚಿದ ಕಾಗದ. ಜನ ಗಾದಿಯ ಹೊಲಿಗೆ ಸಡಿಲಿಸಿ ಅದರೊಳಗೆ ಏನೇನೋ ಬಚ್ಚಿಡುತ್ತಾರೆ, ಇಟ್ಟು ಮರೆಯುತ್ತಾರೆ. ಅಪ್ಪ ಅದರಲ್ಲಿ ಯಾವುದನ್ನೂ ಎರಡನೆಯ ಸಲ ನೋಡುತ್ತಿರಲಿಲ್ಲ. ಎಲ್ಲವನ್ನೂ ಒಂದು ಪುಟ್ಟ ಚೀಲಕ್ಕೆ ಹಾಕಿ, ಗಾದಿ ತಯಾರಾದ ಮೇಲೆ ಅದರ ಮೂಲೆಗೆ ಒಂದೇ ಒಂದು ಹೊಲಿಗೆ ಹಾಕಿ ಆ ಚೀಲ ಸಿಕ್ಕಿಸುತ್ತಿದ್ದ. ಉಗುರಿನಿಂದ ಎಳೆದರೆ ಬಿಚ್ಚುವಂಥ ಹೊಲಿಗೆ. ಗಾದಿ ಕೊಡುವಾಗ ಅದರ ಮಾತೇ ಎತ್ತುತ್ತಿರಲಿಲ್ಲ. ಮನೆಯ ಹೆಣ್ಣುಮಗಳು ಒಬ್ಬಳೇ ಇದ್ದಾಗ ಬಿಚ್ಚಿ ನೋಡಿಕೊಳ್ಳುತ್ತಿದ್ದಳು.

"ಅಪ್ಪಾ, ಅವರ ಕೈಯಾಗ ಕೊಡಬಾರದಾ? ನಿಮ್ಮ ತಾಯಿತ ಸಿಕ್ಕೈತ್ರಿ ಅಂತ ಹೇಳಬಾರದಾ?"

"ಯಾರ ಮುಂದ ಹೇಳ್ಲಿ, ಕಾಶಿಂಬಿ? ಅತ್ತಿ ಮುಂದ ಹೇಳಿದರ ಸೊಸಿದು ಹೋಗತೈತಿ, ಗಂಡನ ಮುಂದ ಹೇಳಿದರ ಹೇಣ್ತಿದು ಹೋಗತೈತಿ. ಗಾದಿ ಬಿಚ್ಚವ ಬಾಯಿ ಬಿಚ್ಚಬಾರದು."

ಅಪ್ಪನಿಗೆ ಇನ್ನೊಂದು ಕಾಯಿದೆ ಇತ್ತು. ಗಾದಿಯ ಪಟ್ಟಾಪಟ್ಟಿ ಬಟ್ಟೆ ಕತ್ತರಿಸಿ ಉಳಿದ ತುಂಡು ಗೇಣಿಗಿಂತ ದೊಡ್ಡದಿದ್ದರೆ ಗಿರಾಕಿಯದು, ಮಡಚಿ ವಾಪಸು ಕೊಡಬೇಕು. ಗೇಣಿಗಿಂತ ಸಣ್ಣದಿದ್ದರೆ ನಮ್ಮದು. ಆ ಸಣ್ಣ ತುಂಡುಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ಜೋಳದ ಹಿಟ್ಟಿನ ಗಂಜಿ ಕಾಸಿಕೊಂಡು, ಒಳಗಿನ ಖೋಲಿಯಲ್ಲಿ ಜೋಳದ ಚೀಲದ ಹಿಂದಿನ ಗೋಡೆಗೆ ಅವನ್ನು ಅಂಟಿಸುತ್ತಿದ್ದೆ. ನೀಲಿ ಪಟ್ಟಿಯದು ಹೊಳೆ, ಕೆಂಪು ಪಟ್ಟಿಯದು ಹೊಲ, ಕಡ್ಡಿಪೆಟ್ಟಿಗೆಯ ಚಿತ್ರ ಹರಿದು ಹಚ್ಚಿದರೆ ಅದೊಂದು ಊರು, ಹತ್ತಿಯ ಮೋಡ. ಗಂಜಿಯ ಆಸೆಗೆ ಇರುವೆ ಬಂದು ಹೊಳೆಯಲ್ಲಿ ಸಾಲುಗಟ್ಟಿ ನಡೆಯುತ್ತಿದ್ದವು. ಅವ್ವ ಬೈದಳು. ಅಪ್ಪ ಬಂದು, ಚೀಲ ಸರಿಸಿ, ಬಹಳ ಹೊತ್ತು ನಿಂತು ನೋಡಿದ.

"ಇರಲಿ ಬಿಡ. ನಿನ್ನ ಗ್ವಾಡಿ ಬೆಚ್ಚಗ ಆತು."

ಅಷ್ಟೇ ಹೇಳಿದ್ದು. ಅಪ್ಪ ಹೊರಗೆ ಹೋದ ಮೇಲೆ ನಾನು ಕುಣಿದೆ.

ಆ ವರ್ಷವೇ ಮಾಸ್ತರ ಮನೆಯ ಗಾದಿ ಬಂತು. ನನಗೆ ನಾಲ್ಕನೆಯ ಇಯತ್ತೆಯ ಪಾಠ ಹೇಳುತ್ತಿದ್ದ ಮಾಸ್ತರರು, ಓದು ಬರಹದ ದೊಡ್ಡ ಮನೆತನ. ಹಿತ್ತಲಲ್ಲಿ ಬೇವಿನ ಮರ, ಪಡಸಾಲೆಯ ತುಂಬ ಪುಸ್ತಕ. ಅವರ ಹೆಂಡತಿ ಸುಶೀಲಾಬಾಯಿ ಆಗ ಹೊಸ ಸೊಸೆ, ಇಪ್ಪತ್ತರ ಆಸುಪಾಸಿನವರು. ನಾವು ಹಿತ್ತಲ ಬಾಗಿಲಲ್ಲಿ ನಿಂತರೆ ನನ್ನ ಅಂಗೈಗೆ ಶೇಂಗಾ ಉಂಡಿ ಹಾಕುತ್ತಿದ್ದರು. ಗಾದಿ ತಯಾರಾಗಿ, ಅಪ್ಪ ಅದನ್ನು ತಲೆಯ ಮೇಲೆ ಹೊತ್ತು, ನಾನು ದಿಂಬು ಅವುಚಿಕೊಂಡು ಹೋದೆವು. ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಗಾದಿಯನ್ನು ಕಟ್ಟೆಯ ಮೇಲಿಟ್ಟು, ನೀರು ಕುಡಿಯಲು ಬಾವಿಯ ಕಡೆ ಹೋದ. ಮೂಲೆಯ ಪುಟ್ಟ ಚೀಲ ನನ್ನ ಮೂಗಿನ ಎದುರೇ ಇತ್ತು. ಉಗುರು ಹಾಕಿ ಎಳೆದೆ. ಎರಡು ತಲೆಪಿನ್ನು, ಒಂದು ಗುಂಡಿ, ಒಂದು ಮಡಚಿದ ಕಾಗದ. ಕಾಗದ ಬಿಚ್ಚಿದೆ.

ಕೆಂಪು ನೀಲಿ ಪೆನ್ಸಿಲಿನಿಂದ ತೆಗೆದ ಒಬ್ಬ ಹೆಂಗಸಿನ ಮುಖ. ಬಾಯಿ ಅಗಲಕ್ಕೆ ತೆರೆದಿದೆ, ಕಣ್ಣು ಮುಚ್ಚಿದೆ, ಹಣೆಯ ಮೇಲಕ್ಕೆ ಕನ್ನಡಕ ಸರಿದಿದೆ, ಮುಖದ ತುಂಬ ಸುಖವೋ ಸುಖ. ಹಾಡುತ್ತಿದ್ದಾಳೆ! ಕಣ್ಣು ಮುಚ್ಚಿ ಎತ್ತರದ ದನಿಯಲ್ಲಿ ಹಾಡುತ್ತಿದ್ದಾಳೆ! ಅಲ್ಲಿಯವರೆಗೆ ನಾನು ನೋಡಿದ ಚಿತ್ರಗಳೆಲ್ಲ ಅಚ್ಚಿನವು. ಮನುಷ್ಯರ ಕೈ ಇಂಥದ್ದನ್ನು ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎದೆ ಕಮಾನಿನ ನರದ ಹಾಗೆ ಹೊಡೆದುಕೊಂಡಿತು. ಕಾಗದದ ಮೇಲೆ ಅಂಗೈ ಚಾಚಿ ಅಳೆದೆ, ಗೇಣಿಗಿಂತ ಸಣ್ಣದಿತ್ತು. ಗೇಣಿಗಿಂತ ಸಣ್ಣದು ನಮ್ಮದಲ್ಲವೇ? ಬಟ್ಟೆಯ ಕಾಯಿದೆಯನ್ನು ಕಾಗದಕ್ಕೆ ಹಚ್ಚಿ, ಅದನ್ನು ಮಡಚಿ ಸೊಂಟದಲ್ಲಿ ಸಿಗಿಸಿಕೊಂಡೆ. ಪಿನ್ನು, ಗುಂಡಿ ಚೀಲಕ್ಕೆ ಹಾಕಿ, ಲಂಗದ ಅಂಚಿಗೆ ಚುಚ್ಚಿಕೊಂಡಿದ್ದ ಸೂಜಿಯಿಂದ ಅಪ್ಪನ ಹಾಗೇ ಒಂದು ಹೊಲಿಗೆ ಹಾಕಿದೆ. ಅಪ್ಪ ಮೀಸೆ ಒರೆಸಿಕೊಳ್ಳುತ್ತ ಬಂದ. ಅವನಿಗೆ ಗೊತ್ತಾಗಲಿಲ್ಲ. ಅವನು ಸಾಯುವವರೆಗೂ ಗೊತ್ತಾಗಲಿಲ್ಲ.

ಆ ಹಾಡುವವಳು ನನ್ನ ಜೊತೆ ಬೆಳೆದಳು. ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟಿದ್ದೆ. ಮದುವೆಯಾಗಿ ಇದೇ ಊರಿನ ಇನ್ನೊಂದು ಓಣಿಗೆ ಬಂದಾಗ ಡಬ್ಬಿ ನನ್ನ ಟ್ರಂಕಿನಲ್ಲಿ ಬಂತು. ಬೇಸರವಾದರೆ ತೆಗೆದು ನೋಡುವೆ, ಅವಳು ಹಾಡುತ್ತಿರುವಳು. ಮೊಮ್ಮಗಳು ಹುಟ್ಟಿದ ಮೇಲೆ ಅವಳಿಗೂ ತೋರಿಸಿದೆ. ರೇಷ್ಮಾ ಮೂರು ವರ್ಷದವಳು, ಆ ಮುಖ ನೋಡಿ ತಾನೂ ಬಾಯಿ ಅಗಲಿಸಿ ಆ ಎಂದಳು. ಗೇಣಿನ ಕಾಯಿದೆ, ಗೋಡೆಯ ಹೊಳೆ, ಇರುವೆ, ಎಲ್ಲ ಕತೆ ಹೇಳಿದೆ. ಚಿತ್ರ ಗಾದಿಯಲ್ಲಿ ಸಿಕ್ಕಿತು ಎಂದೆ. ಕದ್ದೆ ಎನ್ನಲಿಲ್ಲ.

ಆ ಹುಡುಗಿ ದೊಡ್ಡವಳಾಗಿ ಚಿತ್ರಕಲೆ ಕಲಿತಳು. ಬಾದಾಮಿಯ ಬಂಡೆ ನೋಡಲು ಹೋದವಳು ಫೋನ್ ಮಾಡಿ ಕೂಗಿದಳು, "ಆಯೀ, ಇಲ್ಲಿ ಗುಡ್ಡ ಒಂದರ ಮ್ಯಾಲೊಂದು ಗಾದಿ ಒಟ್ಟಿದಂಗ ಐತಿ! ಕೆಂಪು ಗಾದಿ!" ನನಗೆ ಇನ್ನೇನು ಬೇಕು? ಈ ವರ್ಷ ವಾಚನಾಲಯದ ಗೋಡೆ ಕೇಳಿ ಪಡೆದು, ಮನೆಮನೆಗೆ ಹೋದಳು. ಉಪಯೋಗಕ್ಕೆ ಬಾರದ, ಆದರೆ ಒಗೆಯಲು ಮನಸ್ಸಾಗದ ಒಂದು ವಸ್ತು ಕೊಡಿ, ಗೇಣಿಗಿಂತ ಸಣ್ಣದಿರಬೇಕು ಎಂದಳು. ಅಪ್ಪನ ಕಾಯಿದೆ ಮೊಮ್ಮಗಳ ಬಾಯಲ್ಲಿ ಕೇಳಿ ನನ್ನ ಕಣ್ಣು ತುಂಬಿತು. ಮೂರು ತಿಂಗಳು ಓಣಿಗೆ ಓಣಿಯೇ ವಾಚನಾಲಯಕ್ಕೆ ಸಂಜೆ ಸಂಜೆ ಬಂದು ಕೂತಿತು. ರಾಮಥಾಳದಿಂದ ಒಬ್ಬಳು ಹನಿ ನೀರಾವರಿಯ ಕರಿ ಪೈಪಿನ ಚೂರು ತಂದಳು, ತನ್ನ ಹೊಲಕ್ಕೆ ಮೊದಲ ಸಲ ನೀರು ಬಂದ ಚೂರಂತೆ. ಇಳಕಲ್ಲಿನ ನೇಕಾರ ಬೀಗರು ಕೆಂಪು ರೇಷ್ಮೆಯ ಎಳೆ ಕಳಿಸಿದರು. ಒಬ್ಬ ಡ್ರೈವರ್ ಮುರಿದ ಹಾರ್ನಿನ ರಬ್ಬರು ಕೊಟ್ಟ. ಸುಶೀಲಾಬಾಯಿಯವರೂ, ಈಗ ಅವರಿಗೆ ಎಂಬತ್ತರ ಮೇಲೆ, ಮಾಸ್ತರರ ಕನ್ನಡಕದ ಒಂದು ಕಡ್ಡಿ ಕಳಿಸಿದರು. ನಾನು ಗಂಜಿ ಕಾಸಿ ಕಾಸಿ ಕೊಟ್ಟೆ, ಈ ಸಲ ಇರುವೆ ಬರದಂತೆ ಬೇವಿನೆಲೆ ಹಾಕಿ. ಕೊನೆಯ ವಾರ ರೇಷ್ಮಾ ನನ್ನನ್ನು ಒಳಗೆ ಬಿಡಲಿಲ್ಲ. "ನಿನಗೊಂದು ಮಜಾ ಐತಿ, ತಡಿ" ಎಂದಳು. ನಿನ್ನೆ ಮಧ್ಯಾಹ್ನ ಕೈ ಹಿಡಿದು ಕರೆದೊಯ್ದಳು. ಮರುದಿನ, ಅಂದರೆ ಇವತ್ತು ಭಾನುವಾರ, ಉದ್ಘಾಟನೆ. ಊರೆಲ್ಲ ಬರುವುದಿತ್ತು, ಸುಶೀಲಾಬಾಯಿ ಮುಂದಿನ ಸಾಲಿನಲ್ಲಿ ಕೂರುವುದಿತ್ತು.

ಗೋಡೆಯ ತುಂಬ ಹಳೇ ಗಾದಿಯ ಪಟ್ಟಾಪಟ್ಟಿ ಬಟ್ಟೆ, ಅದರ ಮೇಲೆ ಇಡೀ ಊರು. ನಡುಮಧ್ಯದಲ್ಲಿ, ಎಲ್ಲ ಎಳೆಗಳೂ ಬಂದು ಸೇರುವ ಕಡೆ, ನನ್ನ ಹಾಡುವವಳು. ಅಂಟಿ ಕೂತಿದ್ದಳು.

"ನನ್ನ ಡಬ್ಬ್ಯಾಂದು ಯಾವಾಗ ತಗದಿ?"

"ನೀ ಮಲಗಿದಾಗ. ಯಾಕ ಆಯಿ, ಛಲೋ ಆಗಿಲ್ಲೇನು?"

"ತಗಿ ಇದನ್ನ. ಈಗಿಂದೀಗ ತಗಿ."

"ಅಂಟಿಸೀನಿ, ಹ್ಯಾಂಗ ತಗೀಲಿ? ನಡುವ ಕತ್ತರಿಸಬೇಕಾಕ್ಕೈತಿ. ಮೂರು ತಿಂಗಳ ಕೆಲಸ, ಆಯಿ! ಊರಿನ ಕೆಲಸ!"

"ಇದು ಕಳುವಿನ ಮಾಲು, ರೇಷ್ಮಾ."

ಎಲ್ಲ ಹೇಳಿದೆ. ಹುಡುಗಿಯ ಮುಖ ಬಿಳಿಚಿತು. ಅವಳ ಕೋಪ ನನಗೆ ಗೊತ್ತು, ನನ್ನದೇ ಕೋಪ. ಖೋಲಿಯ ಸುತ್ತ ಒಂದು ಸಲ ನಡೆದು ಬಂದಳು. ಆಮೇಲೆ ಮೇಜಿನ ಮೇಲಿಂದ ಕತ್ತರಿ ತೆಗೆದು ನನ್ನ ಕೈಯಲ್ಲಿ ಇಟ್ಟಳು.

"ಹೋಗಿ ಅವರನ್ನ ಕೇಳು. ಬ್ಯಾಡ ಅಂದ್ರ ನಾನ ಕತ್ತರಿಸತೇನಿ, ನಿನ್ನ ಎದುರಿಗೆ. ಆದರ ಮೊದಲು ಕೇಳು."

ಕತ್ತರಿಯನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಬಿಸಿಲಿನಲ್ಲಿ ಕಾಲು ಸುಡುತ್ತಿತ್ತು, ಗೊತ್ತಾಗಲಿಲ್ಲ. ಮಾಸ್ತರ ಮನೆಯ ಹಿತ್ತಲ ಬಾಗಿಲಿಗೇ ಹೋದೆ, ಮುಂಬಾಗಿಲಿಗೆ ಹೋಗಲು ಧೈರ್ಯ ಬರಲಿಲ್ಲ. ಅದೇ ಕಟ್ಟೆ. ಸುಶೀಲಾಬಾಯಿ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಯಾರು, ಕಾಶಿಂಬಿ ಏನು? ಬಾ, ಹಿಂಗ್ಯಾಕ ಕಳ್ಳರಂಗ ಹಿತ್ತಲಿಂದ?"

ಅಷ್ಟು ಸಾಕಾಯಿತು. ಅಳುತ್ತ ಹೇಳಿದೆ. ನೀರು, ಬಾವಿ, ಒಂದೇ ಹೊಲಿಗೆ, ಗೇಣು, ಎಲ್ಲ. ಅವರು ಬಾಯಿ ತೆರೆದು ಕೇಳಿದರು.

"ನೀ ತಗೊಂಡಿದ್ದೇನು? ನೀನಾ?" ಎಂದು ಎದ್ದು ನಿಂತರು. "ಆಟೋ ಕರಿ. ನಾ ಅದನ್ನ ನೋಡಬೇಕು."

ಆಟೋದಲ್ಲಿ ಅವರು ಮುಂದಕ್ಕೆ ಬಾಗಿಯೇ ಕೂತರು. ನಾನು ಚೀಲದಲ್ಲಿ ಕತ್ತರಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ವಾಚನಾಲಯದ ಮೆಟ್ಟಿಲನ್ನು ಅವರು ರೇಷ್ಮಾಳ ತೋಳು ಹಿಡಿದು ಹತ್ತಿದರು. ಗೋಡೆಯ ಎದುರು ನಿಂತರು. ಮಾಸ್ತರರ ಕನ್ನಡಕದ ಕಡ್ಡಿ ಕಂಡಿತು, ಬೆರಳಿನಿಂದ ಸವರಿದರು. ಆಮೇಲೆ ನಡುವಿಗೆ ಬಂದರು. ರೇಷ್ಮಾ ಸಣ್ಣ ದನಿಯಲ್ಲಿ, "ಹಾಡಾಕತ್ತಾರಲ್ರೀ ಅಮ್ಮಾ, ಇವರಿಂದನ ನಾ ಚಿತ್ರ ಕಲತಿದ್ದು" ಎಂದಳು.

ಸುಶೀಲಾಬಾಯಿಯ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಸದ್ದು ಹೊರಬಂತು, ನಗು! ಬೆಂಚು ಹಿಡಿದುಕೊಂಡು, ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

"ಹಾಡು? ಅಯ್ಯ ನಿನ್ನ! ಇಕಿ ನಮ್ಮತ್ತಿ! ಮಧ್ಯಾಹ್ನ ಮಲಕೊಂಡು ಗೊರಕಿ ಹೊಡಿಯಾಕತ್ತಾರ!"

ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆವು. ಅವರು ಹೇಳಿದ್ದು ಇದು. ಅತ್ತೆ ಮಹಾ ಖಡಕ್ಕು. ಸೊಸೆ ಪೆನ್ಸಿಲು ಹಿಡಿದರೆ ಪುಸ್ತಕದ ಮನೆಗೆ ಅವಮಾನ, ಗೆರೆ ಎಳೆಯಬೇಕಾದರೆ ಅಂಗಳದಲ್ಲಿ ರಂಗೋಲಿ ಎಳಿ ಎನ್ನುವವರು. ಒಂದು ಮಧ್ಯಾಹ್ನ ತಡೆಯಲಾಗದೆ, ಮಲಗಿದ ಅತ್ತೆಯ ಮುಖವನ್ನೇ ತೆಗೆದು ಗಾದಿಯಲ್ಲಿ ಬಚ್ಚಿಟ್ಟರು. ಅವರು ತವರಿಗೆ ಹೋಗಿದ್ದಾಗ ಅತ್ತೆ ಗಾದಿಯನ್ನು ಪಿಂಜಾರನಿಗೆ ಕೊಟ್ಟುಬಿಟ್ಟರು. ಗಾದಿ ವಾಪಸು ಬಂದ ದಿನ ಚೀಲ ಬಿಚ್ಚಿದರೆ ಪಿನ್ನಿದೆ, ಗುಂಡಿಯಿದೆ, ಕಾಗದ ಇಲ್ಲ.

"ನಿಮ್ಮಪ್ಪ ಹುಸೇನಸಾಬ ಒಂದು ದಾರದ ಎಳಿ ಸೈತ ಇಟಗೊಳ್ಳಾವಲ್ಲ. ಊರಿಗೇ ಗೊತ್ತು. ಅಂದಮ್ಯಾಲ ಗಾದಿ ಕೊಡೂ ಮೊದಲ ಅತ್ತಿ ತಗದು ನೋಡ್ಯಾರ ಅಂತ ತಿಳಕೊಂಡೆ. ಎದಿ ಒಡದು ನೀರಾತು ನೋಡು. ಇವತ್ತ ಬೈತಾರ, ನಾಳೆ ತವರಿಗೆ ಅಟ್ಟತಾರ! ಒಂದು ವಾರ ಆತು, ಒಂದು ತಿಂಗಳಾತು, ಪಿಟ್ ಅನ್ನಲಿಲ್ಲ. ಆದರ ಆ ವಾರದಿಂದ ಮಧ್ಯಾಹ್ನ ಮಲಕೊಳ್ಳುವಾಗ ಮುಖದ ಮ್ಯಾಲ ಸೆರಗು ಹೊಚಗೊಳ್ಳಾಕತ್ತಿದರು!"

"ಮತ್ತ ಅವರು ನೋಡಿದ್ದರೇನ್ರಿ?" ರೇಷ್ಮಾ ಕೇಳಿದಳು.

"ಎಲ್ಲೀದು, ಚಿತ್ರ ಇಕಿ ಸೊಂಟದಾಗ ಇತ್ತಲ್ಲ! ನೊಣದ ಕಾಟ ಇರಬೇಕು. ನಾ ತಿಳಕೊಂಡದ್ದು ಬ್ಯಾರೆ. ತನ್ನ ಗೊರಕಿ ಚಿತ್ರ ನೋಡಿಯೂ ಸಿಟ್ಟಾಗಲಿಲ್ಲ, ಬರೇ ಮುಖ ಮುಚಗೊಂಡರು, ಅಂದರ ತಗಿಯವ್ವ ನಿನ್ನ ಚಿತ್ರ ಅಂದಂಗ ಆತಲ್ಲ! ಮರುದಿನಾನ ಅಡಿಗಿಮನಿ ಗ್ವಾಡಿ ಮ್ಯಾಲ ಸುಣ್ಣದಾಗ ಒಂದು ಬಳ್ಳಿ ತಗದೆ. ಯಾರ ಅಪ್ಪಣಿ ಕೇಳಲಿಲ್ಲ. ಮುಂದ ಸಾಲಿ ಹುಡುಗರ ನಕಾಶಿ, ಮದುವಿ ಹಸಿಗ್ವಾಡಿ ಚಿತ್ರ, ಎಲ್ಲಾ ನಂದ. ಅತ್ತಿ ನೋಡತಿದ್ದರು, ನಾ ಹೆದರದ್ದು ನೋಡಿ ಅವರೇ ಸುಮ್ಮಾದರು ಕಾಣತೈತಿ. ಅವರ ಕೊನೀಗಾಲದಾಗ ಮೂರು ವರ್ಷ ನಾ ಮನಸಿಟ್ಟು ಜ್ವಾಕಿ ಮಾಡೀನಿ, ಅದೊಂದು ಉಪಕಾರಕ್ಕ. ಈಗ ನೋಡಿದರ ಉಪಕಾರ ಮಾಡಿದಾಕಿ ಈ ಕಳ್ಳಿ!"

ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು. ಜೀವಮಾನದಲ್ಲಿ ಅಂಥ ಸಿಹಿ ಗುದ್ದು ತಿಂದಿಲ್ಲ. ಆದರೂ ಕೇಳಬೇಕಾದದ್ದು ಉಳಿದಿತ್ತು. ಕತ್ತರಿ ಹೊರತೆಗೆದೆ.

"ಸುಶೀಲಾಬಾಯಾರ, ನಾಳೆ ಊರೆಲ್ಲ ನೋಡತೈತಿ. ಅದು ನಿಮ್ಮದು. ಕತ್ತರಿಸಿ ಕೊಡಲ್ರಿ?"

ಅವರು ಬಹಳ ಹೊತ್ತು ಅತ್ತೆಯ ಮುಖ ನೋಡಿದರು.

"ತಾ ಇಲ್ಲೆ."

ಕತ್ತರಿ ಇಸಿದುಕೊಂಡರು. ಗೋಡೆಯ ಕಡೆ ತಿರುಗಲಿಲ್ಲ. ತಾವು ಉಟ್ಟಿದ್ದ ಹಳೇ ಇಳಕಲ್ ಸೀರೆಯ ಕೆಂಪು ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಅದರ ತುದಿಯ ಮೇಲೆ ಅಂಗೈ ಚಾಚಿದರು. ಗೇಣು ಅಳೆದು, ಎರಡು ಬೆರಳು ಕಡಿಮೆ ಮಾಡಿ, ಕಚ್ಚನೆ ಕತ್ತರಿಸಿದರು.

"ಚಿತ್ರ ಅಲ್ಲೇ ಇರಲಿ. ಮ್ಯಾಲ ಇದನ್ನ ಹೊಚ್ಚು. ಅಂಟಿಸಬ್ಯಾಡ, ಹೊಲಿ. ನಿಮ್ಮಪ್ಪನ ಹೊಲಿಗಿ. ಬೇಕಾದವರು ಎತ್ತಿ ನೋಡಲಿ, ಬಿಟ್ಟರ ಮತ್ತ ಮುಚಗೋಬೇಕು. ದೊಡ್ಡವರ ಮರ್ಯಾದಿ ಇರತೈತಿ."

ರೇಷ್ಮಾ ಸೂಜಿ ಪೋಣಿಸಿ ಕೊಟ್ಟಳು. ಸೆರಗಿನ ತುಂಡಿನ ಮೇಲಂಚಿಗೆ, ನಟ್ಟನಡುವೆ, ಒಂದೇ ಒಂದು ಹೊಲಿಗೆ ಹಾಕಿದೆ. ಕೆಂಪು ರೇಷ್ಮೆ ಇಳಿದು ಆ ಮುಖವನ್ನು ಮುಚ್ಚಿತು. ಇವತ್ತು ಬೆಳಿಗ್ಗೆ ಹನ್ನೊಂದರಿಂದ ಅದನ್ನು ಎತ್ತಿ ನೋಡಲು ಸಾಲು ನಿಂತಿದೆ, ಮಕ್ಕಳು ಎರಡೆರಡು ಸಲ ಬರುತ್ತಿದ್ದಾರೆ, ಎತ್ತಿದವರೆಲ್ಲ ನಗುತ್ತಿದ್ದಾರೆ. ಆದರೆ ಮೊದಲು ಎತ್ತಿದವರು ಸುಶೀಲಾಬಾಯಿಯೇ, ನಿನ್ನೆ ಸಂಜೆ, ನಾವು ಮೂವರೇ ಇದ್ದಾಗ. ಎರಡು ಬೆರಳಿನಲ್ಲಿ ತುದಿ ಹಿಡಿದು ಎತ್ತಿ ನೋಡಿದರು. ಆಮೇಲೆ ಸದ್ದಾಗದಂತೆ ಇಳಿಬಿಟ್ಟರು.

"ಮಲಕೊಳ್ರಿ ಅತ್ತಿ" ಎಂದರು.